ಹೆಸರಾದ ಗುಂಪಿನಿಂದ ಬಂದವರು ಮೊದಲ ಹಾಡನ್ನೇ ಯಾಕೆ ಹೀಗೆ ಮಾಡ್ತಾರೆ?

ಪ್ರಶ್ನೆ: ಲಿಟಲ್ ಮಿಕ್ಸ್ ಅಂದ್ರೆ ನನಗೆ ಪ್ರಾಣ. ಜೇಡ್ ಒಬ್ಬರೇ ಹಾಡಿದ ಮೊದಲ ಹಾಡು ಕೇಳಿದೆ. ಒಂದು ಹಾಡಿನೊಳಗೆ ಮೂರು ಹಾಡು ತುರುಕಿದ ಹಾಗಿದೆ. ಅಷ್ಟು ದೊಡ್ಡ ಗುಂಪು ಬಿಟ್ಟು ಬಂದವರು ಸುಮ್ನೆ ಒಂದು ಒಳ್ಳೇ ಟ್ಯೂನ್ ಹಾಡಬಹುದಿತ್ತಲ್ವಾ? ಯಾಕೆ ಈ ರಿಸ್ಕು?
– ಒಬ್ಬ ಓದುಗರು, ಚಿತ್ರದುರ್ಗ

ಉತ್ತರ: ಈ ಪ್ರಶ್ನೆ ನನಗೆ ಬೇರೆ ಬೇರೆ ಹೆಸರಲ್ಲಿ ಬರುತ್ತಲೇ ಇರುತ್ತದೆ. ಒಮ್ಮೆ ಒನ್ ಡೈರೆಕ್ಷನ್ ಗುಂಪಿನ ಝೇನ್, ಒಮ್ಮೆ ಅದೇ ಗುಂಪಿನ ಹ್ಯಾರಿ ಸ್ಟೈಲ್ಸ್, ಈಗ ಜೇಡ್. ನೀವು ನಮ್ಮ ದುರ್ಗದವರೇ ಆದ್ದರಿಂದ ಈ ಸಲ ಸ್ವಲ್ಪ ಊರಿನ ಲೆಕ್ಕದಲ್ಲೇ ಹೇಳುತ್ತೇನೆ.

ಮೊದಲು ಒಂದು ಮಾತು. ಜೇಡ್ ಗುಂಪು ಬಿಟ್ಟು ಹೋದವರಲ್ಲ. ನಾಲ್ವರು ಹುಡುಗಿಯರ ಪಾಪ್ ಗುಂಪು ಲಿಟಲ್ ಮಿಕ್ಸ್ 2011ರಲ್ಲಿ ಬ್ರಿಟನ್ನಿನ ಎಕ್ಸ್ ಫ್ಯಾಕ್ಟರ್ ಅನ್ನೋ ಟಿವಿ ಹಾಡಿನ ಸ್ಪರ್ಧೆ ಗೆದ್ದಿತು. ಅಲ್ಲಿ ಒಂದು ಗುಂಪು ಗೆದ್ದದ್ದು ಅದೇ ಮೊದಲು. ನಾಲ್ವರಲ್ಲಿ ಜೆಸಿ 2020ರ ಕೊನೆಯಲ್ಲಿ ಹೊರಗೆ ಬಂದರು. ಉಳಿದ ಮೂವರು 2022ರ ಮೇ ತಿಂಗಳಲ್ಲಿ ಪ್ರವಾಸ ಮುಗಿಸಿ, ಸದ್ಯಕ್ಕೆ ನಿಲ್ಲಿಸೋಣ ಅಂತ ನಿಲ್ಲಿಸಿದರು. ಜಗಳ ಆಡಿ ಬಂದದ್ದಲ್ಲ. ಆದರೆ ನಿಮ್ಮ ಪ್ರಶ್ನೆಗೆ ಅದರಿಂದ ಜಾಸ್ತಿ ವ್ಯತ್ಯಾಸ ಆಗೋದಿಲ್ಲ. ಒಬ್ಬರೇ ಮೈಕ್ ಮುಂದೆ ನಿಂತಾಗ ಹಿಂದೆ ಯಾರೂ ಇರೋದಿಲ್ಲ, ಹೇಗೇ ಬಂದಿರಲಿ.

ಹಿಂದೆ ಯಾರೂ ಇಲ್ಲದಿದ್ದರೆ ಹೇಗಿರುತ್ತದೆ ಅಂತ ನನಗೆ ಸ್ವಲ್ಪ ಗೊತ್ತು. ಚಿಕ್ಕವಯಸ್ಸಿನಲ್ಲಿ ಕೆಲವು ವರ್ಷ ನಮ್ಮ ಓಣಿಯ ಭಜನೆ ಮೇಳದಲ್ಲಿ ಹಾಡುತ್ತಿದ್ದೆ. ಮುಂದಿನವರು ಒಂದು ಸಾಲು ಎತ್ತಿಕೊಡೋದು, ನಾವು ಆರೇಳು ಜನ ಹಿಂದೆ ಹಿಡಿಯೋದು. ಒಂದು ಶ್ರಾವಣ ಸೋಮವಾರ ಜೋರು ಮಳೆ. ಬಂದದ್ದು ನಾನು ಮತ್ತೆ ತಬಲಾದವರು, ಇಬ್ಬರೇ. ನೂರು ಸಲ ಹಾಡಿದ್ದ ಪದವನ್ನೇ ಎತ್ತಿದೆ. ಎರಡನೇ ನುಡಿಗೆ ಉಸಿರು ಕಟ್ಟಿತು. ಗಂಟಲು ಚೆನ್ನಾಗೇ ಇತ್ತು. ಇಷ್ಟು ವರ್ಷ ನಾನು ಉಸಿರು ತಗೊಳ್ಳುತ್ತಿದ್ದದ್ದು ಬೇರೆಯವರು ಹಾಡುವ ಜಾಗದಲ್ಲಿ ಅಂತ ಅವತ್ತೇ ಗೊತ್ತಾಗಿದ್ದು. ಪದವನ್ನೇ ಕಟ್ಟಿದ್ದು ಆರೇಳು ಬಾಯಿಗೆ. ಒಂದೇ ಬಾಯಿಗೆ ಅದು ಹೊಂದುತ್ತಿರಲಿಲ್ಲ.

ಪಾಪ್ ಗುಂಪಿನ ಹಾಡೂ ಹೀಗೇ. ಒಬ್ಬರು ಎರಡು ಸಾಲು ಹಾಡುತ್ತಾರೆ, ಇನ್ನೊಬ್ಬರು ಮುಂದಿನ ಎರಡು ಸಾಲು ತಗೋತಾರೆ, ಪಲ್ಲವಿಗೆ ಎಲ್ಲರೂ ಸೇರುತ್ತಾರೆ. ಟ್ಯೂನ್ ಸ್ವಲ್ಪ ಸಾದಾ ಇದ್ದರೂ ಧ್ವನಿ ಬದಲಾಗುತ್ತಾ ಹೋಗುವುದರಿಂದ ಕಿವಿಗೆ ಬೇಜಾರಾಗೋದಿಲ್ಲ. ಅದೇ ಅಚ್ಚಿನ ಹಾಡನ್ನು ಒಬ್ಬರೇ ಹಾಡಿದರೆ? ಕೇಳುವವರಿಗೆ ಅನಿಸೋದು ಒಂದೇ: ಅದೇ ಹಾಡು, ಆದರೆ ಮೂರು ಜನ ಕಮ್ಮಿ. ನೀವು ಹೇಳುವ ಸೇಫ್ ದಾರಿಯ ತೊಂದರೆ ಇದೇ. ಅಭಿಮಾನಿ ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಕೇಳುತ್ತಾ ಕೇಳುತ್ತಾ ಇಲ್ಲದವರನ್ನೇ ಹುಡುಕುತ್ತಾರೆ.

ಈಗ ಜೇಡ್ ಹಾಡಿಗೆ ಬರೋಣ. 'ಏಂಜೆಲ್ ಆಫ್ ಮೈ ಡ್ರೀಮ್ಸ್' ಬಂದದ್ದು 2024ರ ಜುಲೈನಲ್ಲಿ. ಅಷ್ಟು ಹೊತ್ತಿಗೆ ಗುಂಪಿನ ಉಳಿದ ಮೂವರೂ ತಮ್ಮ ತಮ್ಮ ಹಾಡು ತಂದಾಗಿತ್ತು. ಜೆಸಿ 2021ರಲ್ಲಿ, ಲೀ-ಆನ್ 2023ರಲ್ಲಿ, ಪೆರಿ ಅದೇ 2024ರ ಏಪ್ರಿಲ್‌ನಲ್ಲಿ. ಕೊನೆಯವರು ಜೇಡ್. ನಾಲ್ಕನೆಯವರಾಗಿ ಬಂದು ಇನ್ನೊಂದು ಅಂಥದ್ದೇ ಹಾಡು ಕೊಟ್ಟಿದ್ದರೆ ನೀವು ನನಗೆ ಪ್ರಶ್ನೆ ಬರೆಯುತ್ತಿದ್ದಿರಾ?

ಹಾಡು ಶುರುವಾಗುವುದೇ ಇನ್ನೊಂದು ಹಳೇ ಹಾಡಿನ ತುಣುಕಿನಿಂದ. ಸ್ಯಾಂಡಿ ಶಾ ಹಾಡಿದ 'ಪಪೆಟ್ ಆನ್ ಎ ಸ್ಟ್ರಿಂಗ್', 1967ರಲ್ಲಿ ಬ್ರಿಟನ್ನಿಗೆ ಯೂರೋವಿಷನ್ ಅನ್ನೋ ಯೂರೋಪಿನ ದೇಶಗಳ ಹಾಡಿನ ಸ್ಪರ್ಧೆ ಗೆದ್ದುಕೊಟ್ಟ ಹಾಡು. ಹೆಸರಿನ ಅರ್ಥ ಸೂತ್ರದ ಗೊಂಬೆ. ಆ ತುಣುಕು ಮುಗಿದು ದೊಡ್ಡ, ಎದೆತುಂಬಿ ಹಾಡುವ ಪಲ್ಲವಿ ಬರುತ್ತದೆ. ಆಹಾ, ಪ್ರೇಮಗೀತೆ ಅಂದುಕೊಳ್ಳುವಷ್ಟರಲ್ಲಿ ನೆಲ ಕುಸಿದ ಹಾಗೆ ಬೀಟ್ ಬದಲಾಗುತ್ತದೆ. ಒರಟು ಯಂತ್ರದ ಸದ್ದು, ಅದರ ಮೇಲೆ ಮಾತಾಡಿದ ಹಾಗೆ ಹಾಡುವ ಸಾಲುಗಳು. ಆಮೇಲೆ ಮತ್ತೆ ಆ ಪಲ್ಲವಿ.

ಆ ಏಂಜೆಲ್ ಯಾರು ಅಂತ ಗೊತ್ತಾದರೆ ಈ ಜೋಡಣೆ ಅರ್ಥವಾಗುತ್ತದೆ. ಅದು ಹುಡುಗ ಅಲ್ಲ. ಹಾಡಿನ ಉದ್ಯಮವೇ ಆ ಪ್ರಿಯ. ಹದಿಹರೆಯದಲ್ಲೇ ಟಿವಿ ಸ್ಪರ್ಧೆಗೆ ಬಂದು, ಗೆದ್ದು, ಹತ್ತು ವರ್ಷ ಅದರೊಳಗೇ ಬೆಳೆದವರು ಜೇಡ್. ಅದು ಕನಸು ಕೊಟ್ಟಿದೆ, ಸೂತ್ರದ ಗೊಂಬೆಯ ಹಾಗೆ ಕುಣಿಸಿಯೂ ಇದೆ. ಪ್ರೀತಿಯೂ ಉಂಟು, ಸಿಟ್ಟೂ ಉಂಟು. ಇದನ್ನು ಒಂದೇ ಲಯದಲ್ಲಿ ಹಾಡಿದರೆ ಒಂದು ಕಡೆ ಸುಳ್ಳಾಗುತ್ತದೆ. ಅದಕ್ಕೇ ಪ್ರೀತಿಗೆ ಒಂದು ಹಾಡು, ಸಿಟ್ಟಿಗೆ ಇನ್ನೊಂದು ಹಾಡು, ಎರಡನ್ನೂ ಹೊಲಿಗೆ ಕಾಣುವ ಹಾಗೇ ಜೋಡಿಸಿದ್ದಾರೆ. ನೀವು ತುರುಕಿದ ಹಾಗಿದೆ ಅಂದದ್ದು ಆ ಹೊಲಿಗೆಯನ್ನೇ. ನನಗೆ ಆ ಹಾಡಲ್ಲಿ ಜಾಸ್ತಿ ಇಷ್ಟ ಆಗೋದೂ ಅದೇ.

ಇನ್ನೊಬ್ಬರ ಕಥೆ ಹೇಳದೇ ಇರೋಕೆ ಆಗೋದಿಲ್ಲ. ಇವರು ನಿಜವಾಗಿಯೂ ಗುಂಪು ಬಿಟ್ಟು ಬಂದವರು. ಪೀಟರ್ ಗೇಬ್ರಿಯಲ್. ಜೆನೆಸಿಸ್ ಅನ್ನೋ ಇಂಗ್ಲಿಷ್ ತಂಡದ ಮುಖ್ಯ ಗಾಯಕ. ವೇದಿಕೆ ಮೇಲೆ ವೇಷ ಹಾಕಿ ಕಥೆ ಹೇಳುತ್ತಾ ಹಾಡುತ್ತಿದ್ದರು. ತಂಡ ಏರುತ್ತಿದ್ದಾಗಲೇ 1975ರಲ್ಲಿ ಹೊರಗೆ ಬಂದರು. ಎರಡು ವರ್ಷ ಬಿಟ್ಟು, 1977ರಲ್ಲಿ, ಮೊದಲ ಒಂಟಿ ಹಾಡು ಬಂತು: 'ಸಾಲ್ಸ್‌ಬರಿ ಹಿಲ್'. ಗುಂಪು ಬಿಟ್ಟು ಬಂದದ್ದೇ ಅದರ ವಸ್ತು. ಆ ಗುಡ್ಡ ಇಂಗ್ಲೆಂಡಿನ ಬಾತ್ ಊರಿನ ಪಕ್ಕ ನಿಜವಾಗಿ ಇದೆ. ಅದರ ನೆತ್ತಿಯಲ್ಲಿ ಕಬ್ಬಿಣದ ಕಾಲದ ಹಳೇ ಕೋಟೆಯೊಂದರ ಗುರುತಿದೆ. ಹಾಡಿನಲ್ಲಿ ಬರುವ ಹಾಗೆ ಕೋಟೆ ಗುಡ್ಡದ ಮೇಲೆ ನಿಂತು ಕೆಳಗಿನ ಊರಿನ ದೀಪ ನೋಡುವುದು ದುರ್ಗದವರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ.

ಆ ಹಾಡು ಕೇಳೋಕೆ ತುಂಬಾ ಹಗುರ. ಗಿಟಾರು, ಕೊಳಲಿನಂಥ ಸದ್ದು, ಸಲೀಸಾದ ಟ್ಯೂನ್. ವಿಚಿತ್ರ ಇರೋದು ತಾಳದಲ್ಲಿ. ಪಾಪ್ ಹಾಡು ಅಂದ್ರೆ ಹೆಚ್ಚೂ ಕಡಿಮೆ ಎಲ್ಲವೂ ನಾಲ್ಕರ ಲೆಕ್ಕ. ಇದು ಏಳು. ಅಲ್ಲಿನವರ ಕಿವಿಗೆ ಏಳು ಅಂದ್ರೆ ಒಂದು ಹೆಜ್ಜೆ ಕಮ್ಮಿ ಬಿದ್ದ ಹಾಗೆ. ನಮಗೆ ಹಾಗಲ್ಲ ನೋಡಿ. ದಾಸರ ಪದದ ಮಿಶ್ರಛಾಪು ಏಳು: ತಕಿಟ ತಕಧಿಮಿ. ಗಮಕದವರು ಭಾಮಿನಿ ಷಟ್ಪದಿ ಓದುವಾಗ ಬರುವುದೂ ಮೂರು ನಾಲ್ಕು, ಮೂರು ನಾಲ್ಕು. ನಾವು ಏಳರಲ್ಲೇ ಕಥೆ ಕೇಳಿ ಬೆಳೆದವರು.

ಹೋದ ವರ್ಷ ಒಂದು ಬೆಳಗ್ಗೆ ಈ ಹಾಡನ್ನು ಕಿವಿಗೆ ಹಾಕಿಕೊಂಡು ನಮ್ಮ ಏಳು ಸುತ್ತಿನ ಕೋಟೆ ಹತ್ತಿದೆ. ತಾಳಕ್ಕೆ ಸರಿಯಾಗಿ ಹೆಜ್ಜೆ ಇಟ್ಟೆ. ಮೊದಲ ಏಳು ಎಡಗಾಲಿಂದ ಶುರುವಾಯಿತು. ಮುಂದಿನ ಏಳು ಬಲಗಾಲಿಂದ. ಮತ್ತೆ ಎಡ, ಮತ್ತೆ ಬಲ. ನಾಲ್ಕರ ತಾಳದಲ್ಲಿ ಹೀಗೆ ಯಾವತ್ತೂ ಆಗೋದಿಲ್ಲ. ಅಲ್ಲಿ ಪ್ರತಿ ಸುತ್ತೂ ಅದೇ ಕಾಲಿಗೆ ಬಂದು ಬೀಳುತ್ತದೆ. ನಡೆಯುತ್ತಾ ಇರುವಾಗಲೇ ಪ್ರತಿ ಸಲ ಹೊಸ ಕಾಲಿಂದ ಶುರು ಮಾಡಬೇಕು, ಬೀಳಬಾರದು. ಬಿಟ್ಟು ಬಂದವರ ಸ್ಥಿತಿ ಅದೇ ಅಲ್ವಾ? ಮಾತಲ್ಲಿ ಹೇಳುವುದಕ್ಕಿಂತ ಮೊದಲೇ ಅವರ ತಾಳ ಅದನ್ನು ಹೇಳಿಬಿಟ್ಟಿದೆ. ಗೋಪಾಲಸ್ವಾಮಿ ಹೊಂಡದ ಹತ್ತಿರ ಕೂತು ಮತ್ತೆ ಎರಡು ಸಲ ಕೇಳಿದೆ.

ಹಾಗಾದರೆ ವಿಚಿತ್ರ ಹಾಡು ಮಾಡಿದವರೆಲ್ಲ ಗೆಲ್ಲುತ್ತಾರಾ? ಇಲ್ಲ. ಲೆಕ್ಕ ಹೀಗಿದೆ. ಗೇಬ್ರಿಯಲ್ ಹಾಡು ಬ್ರಿಟನ್ನಿನ ಹಿಟ್ ಹಾಡುಗಳ ಪಟ್ಟಿಯಲ್ಲಿ 13ನೇ ಸ್ಥಾನದವರೆಗೆ ಹೋಯಿತು, ಜೇಡ್ ಹಾಡು 7ನೇ ಸ್ಥಾನದವರೆಗೆ. ಒನ್ ಡೈರೆಕ್ಷನ್ ಅನ್ನು 2015ರ ಮಾರ್ಚ್‌ನಲ್ಲಿ ಬಿಟ್ಟ ಝೇನ್ ಮುಂದಿನ ಜನವರಿಯಲ್ಲಿ ತಂದ 'ಪಿಲ್ಲೋಟಾಕ್' ಬ್ರಿಟನ್, ಅಮೆರಿಕ ಎರಡೂ ಕಡೆ ಒಂದನೇ ಸ್ಥಾನಕ್ಕೆ ಹೋಯಿತು. ಅದು ಆ ಹೊತ್ತಿನ ರೇಡಿಯೋಗೆ ಹೇಳಿ ಮಾಡಿಸಿದಂತಿದ್ದ ಹಾಡು. ಅದೇ ಗುಂಪಿನ ಹ್ಯಾರಿ 2017ರಲ್ಲಿ ಐದೂವರೆ ನಿಮಿಷ ದಾಟುವ, ಪಿಯಾನೋದ ನಿಧಾನ ಹಾಡು ತಂದು ಬ್ರಿಟನ್ನಿನಲ್ಲಿ ಒಂದನೇ ಸ್ಥಾನ ಪಡೆದರು. ಅಂದ್ರೆ ಸೇಫ್ ಆದದ್ದೂ ಗೆದ್ದಿದೆ, ವಿಚಿತ್ರವಾದದ್ದೂ ಗೆದ್ದಿದೆ. ಪಟ್ಟಿಯ ಸ್ಥಾನ ನೋಡಿ ಯಾವುದು ಸರಿ ಅಂತ ಹೇಳೋಕೆ ಬರೋದಿಲ್ಲ.

ನಾನು ನೋಡೋದು ಬೇರೆ. ಆ ಮೊದಲ ಹಾಡು ಎರಡನೇ ಹಾಡಿಗೆ ಜಾಗ ಮಾಡಿಕೊಟ್ಟಿತಾ? ಗೇಬ್ರಿಯಲ್ ಅಷ್ಟು ಬೇರೆ ದಾರಿ ಹಿಡಿದ ಮೇಲೆ ಅವರಿಂದ ಹಳೇ ಜೆನೆಸಿಸ್ ಹಾಡು ಕೇಳುವವರು ಕಮ್ಮಿಯಾದರು. ಮುಂದೆ ಏನು ಬೇಕಾದರೂ ಮಾಡಬಹುದಾಗಿತ್ತು, ಮಾಡಿದರು. ಮೊದಲ ನಾಲ್ಕು ಆಲ್ಬಂಗಳಿಗೂ ಬೇರೆ ಹೆಸರೇ ಇಡಲಿಲ್ಲ. ನಾಲ್ಕಕ್ಕೂ ಒಂದೇ ಹೆಸರು, ಅವರದೇ. ಇತ್ತ ಜೆನೆಸಿಸ್ ಕೂಡ ಮುಳುಗಲಿಲ್ಲ. ಡ್ರಮ್ ಬಾರಿಸುತ್ತಿದ್ದ ಫಿಲ್ ಕಾಲಿನ್ಸ್ ಮುಂದೆ ಬಂದು ಹಾಡಿದರು, ತಂಡ ಮೊದಲಿಗಿಂತ ದೊಡ್ಡದಾಯಿತು. ಜೇಡ್ ಕೂಡ ಒಂದು ವರ್ಷ ಬಿಟ್ಟು, 2025ರ ಸೆಪ್ಟೆಂಬರ್‌ನಲ್ಲಿ, ಮೊದಲ ಆಲ್ಬಂ ತಂದರು. ಅಷ್ಟು ಹೊತ್ತಿಗೆ ಅವರ ಹಾಡಿನಲ್ಲಿ ಮುಂದೇನು ಬರಬಹುದು ಅಂತ ಜನ ಊಹೆ ಮಾಡುವುದನ್ನೇ ಬಿಟ್ಟಿದ್ದರು. ಆ ಮೊದಲ ಹಾಡು ಅವರಿಗೆ ಸಂಪಾದಿಸಿಕೊಟ್ಟದ್ದು ಇದನ್ನೇ.

ನೀವು ಒಂದು ಕೆಲಸ ಮಾಡಿ. ಜೇಡ್ ಹಾಡನ್ನು ಇನ್ನೊಮ್ಮೆ ಕೇಳಿ, ಆದರೆ ಮೊಬೈಲ್ ಸ್ಪೀಕರಿನಲ್ಲಿ ಬೇಡ, ಇಯರ್‌ಫೋನ್ ಹಾಕಿಕೊಂಡು. ಮೊದಲ ಪಲ್ಲವಿ ಬಂದಾಗ ಅದು ಪ್ರಿಯನಿಗೆ ಹಾಡಿದ್ದು ಅಂತಲೇ ಕೇಳಿ. ಒರಟು ಭಾಗ ಮುಗಿದು ಅದೇ ಪಲ್ಲವಿ ಮತ್ತೆ ಬಂದಾಗ ಉದ್ಯಮಕ್ಕೆ ಹಾಡಿದ್ದು ಅಂತ ಕೇಳಿ. ಮಾತು ಅದೇ, ಸ್ವರ ಅದೇ. ಎರಡನೇ ಸಲ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ನನಗೆ ಕೇಳಿಸುತ್ತದೆ. ನಿಮಗೆ ಏನು ಕೇಳಿಸಿತು, ಬರೆಯಿರಿ.