ಗೂಡಿನಿಂದ ಹೊರಬಂದ ಮೊದಲ ಗಂಟೆ

ದೊಡ್ಡ ರೇಷ್ಮೆ ಪತಂಗಗಳ ಗೂಡನ್ನು ಮನೆಯಲ್ಲಿಟ್ಟು ಕಾದವರು ನನಗೆ ಕಳುಹಿಸುವ ಚಿತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ರೆಕ್ಕೆ ಮುದುಡಿಕೊಂಡು ಡಬ್ಬಿಯ ತಳದಲ್ಲಿ ತೆವಳುತ್ತಿರುವ ಪತಂಗ. ‘ಏನು ತಿನ್ನಿಸಬೇಕಿತ್ತು?’ ಎಂದು ಕೇಳುತ್ತಾರೆ. ಏನೂ ಬೇಕಿರಲಿಲ್ಲ. ಅಟ್ಲಾಸ್, ಚಂದ್ರ ಪತಂಗ, ಟಸರ್ ಪತಂಗ ಇವೆಲ್ಲ ಸ್ಯಾಟರ್ನಿಡೇ ಕುಟುಂಬದವು. ರೆಕ್ಕೆ ಬಂದ ಮೇಲೆ ಇವು ಉಣ್ಣುವುದೇ ಇಲ್ಲ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲಿಯೇ ವಾರವೋ ಹತ್ತು ದಿನವೋ ಬದುಕುತ್ತವೆ. ಆ ಪತಂಗಕ್ಕೆ ಬೇಕಿದ್ದದ್ದು ಹಿಡಿದು ಹತ್ತಲು ಒರಟಾದ ಒಂದು ಗೋಡೆ.

ಹೊರಬರುವಾಗ ಪತಂಗದ ಹೊಟ್ಟೆ ಊದಿರುತ್ತದೆ, ರೆಕ್ಕೆಗಳು ಒದ್ದೆ ಬಟ್ಟೆಯ ಚೂರಿನಂತೆ ಮುದ್ದೆಯಾಗಿರುತ್ತವೆ. ಅದು ಕೂಡಲೇ ಮೇಲಕ್ಕೆ ಹತ್ತಿ, ರೆಕ್ಕೆಗಳು ಕೆಳಮುಖವಾಗಿ ಜೋಲುವಂತೆ ನೇತಾಡಬೇಕು. ಹೊಟ್ಟೆಯಲ್ಲಿರುವ ದ್ರವವನ್ನು ರೆಕ್ಕೆಯ ನಾಳಗಳಿಗೆ ಒತ್ತಿ ತುಂಬುತ್ತಾ ಅರ್ಧ ಗಂಟೆಯ ಆಸುಪಾಸಿನಲ್ಲಿ ಅವನ್ನು ಹರಡಿಕೊಳ್ಳುತ್ತದೆ. ಅವು ಗಟ್ಟಿಯಾಗಲು ಇನ್ನೂ ಕೆಲವು ಗಂಟೆಗಳು ಬೇಕು. ಗಾಜು ಅಥವಾ ನುಣುಪು ಪ್ಲಾಸ್ಟಿಕ್ ಮೇಲೆ ಕಾಲು ಜಾರಿತೋ, ರೆಕ್ಕೆ ಮುದುಡಿದ ಹಾಗೆಯೇ ಒಣಗುತ್ತದೆ. ಆಮೇಲೆ ಸರಿಪಡಿಸಲು ಯಾರಿಂದಲೂ ಆಗದು.

ಆದ್ದರಿಂದ ಬಲೆಯ ಪಂಜರವೇ ಒಳ್ಳೆಯದು. ಇಲ್ಲವಾದರೆ ಒಳಗೆ ಬಟ್ಟೆ ಹೊದಿಸಿದ ಬುಟ್ಟಿ. ಅಟ್ಲಾಸ್ ಪತಂಗದ ರೆಕ್ಕೆಯ ಹರವು 24 ಸೆಂಟಿಮೀಟರ್ ಮುಟ್ಟುವುದುಂಟು, ಜಾಗದಲ್ಲಿ ಜಿಪುಣತನ ಬೇಡ. ಗೂಡುಗಳನ್ನು ದಾರದಿಂದ ಬದಿಗೆ ಕಟ್ಟಿ. ಗಾಳಿ ಒಣಗಿದ್ದರೆ ಬೆಳಿಗ್ಗೆ ತುಸು ನೀರು ಚಿಮುಕಿಸಿ, ಸಂಜೆಯೊಳಗೆ ಆರಬೇಕು. ಮುಚ್ಚಿದ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ.

ಕಾಯುವುದೇ ಕಷ್ಟದ ಕೆಲಸ. ಸಹಾಯ ಮಾಡುತ್ತೇನೆಂದು ಗೂಡನ್ನು ಕತ್ತರಿಸಬೇಡಿ. ಅಂಗೈಯಲ್ಲಿಟ್ಟು ತೂಗಿ ನೋಡಿ: ಜೀವಂತ ಗೂಡಿಗೆ ತೂಕವಿರುತ್ತದೆ, ಸತ್ತದ್ದು ಒಣ ಎಲೆಯಂತೆ ಹಗುರ. ಕೆಲವೊಮ್ಮೆ ಪತಂಗದ ಬದಲು ಪರಾವಲಂಬಿ ನೊಣಗಳು ಹೊರಬರುತ್ತವೆ. ಅವು ಹುಳುವಿನೊಳಗೆ ಮೊದಲೇ ಸೇರಿದ್ದವು, ನಿಮ್ಮ ತಪ್ಪಲ್ಲ. ಸಿಕ್ರೋಪಿಯಾದಂತಹ ಶೀತ ದೇಶದ ಜಾತಿಗಳಿಗೆ ಚಳಿಗಾಲದ ನಿದ್ದೆ ಬೇಕು. ಅವನ್ನು ಬೆಚ್ಚಗಿನ ಕೋಣೆಯಲ್ಲಿಟ್ಟರೆ ಮರಗಳಲ್ಲಿ ಚಿಗುರಿಲ್ಲದ ಹೊತ್ತಿನಲ್ಲಿ ಹೊರಬರಬಹುದು.

ಹೆಣ್ಣು ರಾತ್ರಿ ಗಂಧ ಸೂಸಿ ಗಂಡನ್ನು ಕರೆಯುತ್ತದೆ. ಅದು ನಿಮ್ಮ ಸುತ್ತಮುತ್ತಲಿನದೇ ಜಾತಿಯಾಗಿದ್ದರೆ ಪಂಜರವನ್ನು ಹೊರಗಿಡಿ. ಗರಿಯಂತಹ ಮೀಸೆಯ ಗಂಡುಗಳು ದೂರದಿಂದ ಹುಡುಕಿಕೊಂಡು ಬರುತ್ತವೆ. ಬೇರೆ ನಾಡಿನ ಜಾತಿಯನ್ನು ಮಾತ್ರ ಎಂದಿಗೂ ಹೊರಗೆ ಬಿಡಬೇಡಿ. ಜೋಡಿಯಾದರೆ ಮೊಟ್ಟೆಗಳು ನೂರರ ಲೆಕ್ಕದಲ್ಲಿ ಬರುತ್ತವೆ, ಸುಮಾರು ಎರಡು ವಾರಗಳಲ್ಲಿ ಮರಿಹುಳುಗಳು ಎಲೆ ಕೇಳುತ್ತವೆ. ಅವು ತಿನ್ನುವ ಮರ ಎಲ್ಲಿದೆ ಎಂಬುದನ್ನು ಗೂಡು ತರುವ ಮೊದಲೇ ನೋಡಿಟ್ಟುಕೊಳ್ಳಿ.