ಅಮೆರಿಕದ ಅಂಕಿ, ಶಿರಹಟ್ಟಿಯ ಕವಾಟ

ಹೃದಯದ ಕವಾಟ ಬದಲಿಸಬೇಕು ಎಂದೊಡನೆ ರೋಗಿಯ ಜೊತೆ ಬಂದವರಲ್ಲಿ ಒಬ್ಬರು ಮೊಬೈಲ್ ತೆಗೆಯುತ್ತಾರೆ. ಹೆಚ್ಚಾಗಿ ಬೆಂಗಳೂರಿನಲ್ಲಿ ನೌಕರಿ ಮಾಡುವ ಅಳಿಯ. ‘ಡಾಕ್ಟರ್ ಸಾಹೇಬರೇ, ಅಮೆರಿಕದಲ್ಲಿ ಬಿಳಿಯರಿಗೂ ಕಪ್ಪು ವರ್ಣೀಯರಿಗೂ ಫಲಿತಾಂಶ ಬೇರೆಯಂತೆ. ನಮ್ಮ ಜನಕ್ಕೆ ಹೇಗೆ?’

ಆ ಅಧ್ಯಯನಗಳು ಸುಳ್ಳಲ್ಲ. ಓದುವ ಬಗೆ ತಪ್ಪು. ಅಲ್ಲಿನ ಚರ್ಚೆ ಬಹುಪಾಲು ಮುಪ್ಪಿನಲ್ಲಿ ಸುಣ್ಣ ಕಟ್ಟಿ ಬಿಗಿಯುವ ಮಹಾಪಧಮನಿ ಕವಾಟದ್ದು. ಅದು ಕಪ್ಪು ವರ್ಣೀಯರಲ್ಲಿ ಪತ್ತೆಯಾಗುವುದೇ ಕಡಿಮೆ. ಪತ್ತೆಯಾದರೂ ಕವಾಟ ಬದಲಾವಣೆಯವರೆಗೆ ಬರುವವರು ಬಿಳಿಯರಿಗಿಂತ ಕಡಿಮೆ. ಬಂದವರಿಗೆ ತೊಡೆಯ ರಕ್ತನಾಳದ ಮೂಲಕ ಕವಾಟ ಕೂರಿಸಿದರೆ, ವಯಸ್ಸು ಮತ್ತು ಇತರ ಕಾಯಿಲೆಗಳನ್ನು ಲೆಕ್ಕಕ್ಕೆ ಹಿಡಿದಾಗ, ವರ್ಷದ ನಂತರ ಬದುಕುಳಿಯುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಅಂದರೆ ಅಂತರ ಬಹುಮಟ್ಟಿಗೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿದೆ, ಚರ್ಮದಲ್ಲಿಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ ಅಳಿಯಂದಿರು ಮತ್ತೆ ಶೇಕಡಾವಾರು ಕೇಳುತ್ತಾರೆ.

ಶಿರಹಟ್ಟಿ ಕಡೆಯಿಂದ ಬರುವ ಹೆಣ್ಣುಮಗಳ ಕಾಯಿಲೆಯೇ ಬೇರೆ, ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರ. ಚಿಕ್ಕಂದಿನಲ್ಲಿ ಗಂಟಲುನೋವು, ಆಮೇಲೆ ಮಂಡಿಯಿಂದ ಮೊಣಕೈಗೆ ಜಿಗಿಯುವ ಕೀಲುನೋವು, ಜ್ವರ. ಮನೆಯವರು ಎಣ್ಣೆ ತಿಕ್ಕುತ್ತಾರೆ, ನೋವು ಹೋಗುತ್ತದೆ, ಎಲ್ಲರೂ ಮರೆಯುತ್ತಾರೆ. ಕವಾಟ ಮರೆಯುವುದಿಲ್ಲ. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ನಡೆದಿದ್ದರೆ ಕವಾಟ ಮತ್ತೆ ಮತ್ತೆ ಪೆಟ್ಟು ತಿನ್ನುವುದು ಬಹಳಷ್ಟು ತಪ್ಪುತ್ತಿತ್ತು. ಬಸುರಿಯಾದಾಗ ದಮ್ಮು ಹತ್ತಿದ ಮೇಲೆಯೇ ನಮ್ಮ ಬಳಿ ಬರುತ್ತಾರೆ. ಕಿರಿದಾದ ಕವಾಟವನ್ನು ಕೆಲವರಲ್ಲಿ ಬಲೂನಿನಿಂದಲೇ ಹಿಗ್ಗಿಸಬಹುದು. ಎಲ್ಲರಲ್ಲಿ ಅಲ್ಲ, ಎಕೋ (ಹೃದಯದ ಸ್ಕ್ಯಾನ್) ನೋಡದೆ ಮಾತು ಕೊಡಲಾರೆ.

ಎಳೆಯ ವಯಸ್ಸಿಗೆ ಸಾಮಾನ್ಯವಾಗಿ ಲೋಹದ ಕವಾಟ. (ವಿದೇಶದ್ದೇ ಬೇಕೆಂಬ ಹಟ ಇನ್ನೊಂದು. ನಮ್ಮಲ್ಲೇ ರೂಪಿಸಿದ ತಿರುವನಂತಪುರದ ಚಿತ್ರಾ ಕವಾಟವನ್ನು 1990ರಿಂದ ರೋಗಿಗಳಿಗೆ ಜೋಡಿಸುತ್ತಿದ್ದಾರೆ.) ಅದರೊಡನೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ಜೀವನಪೂರ್ತಿ. ವಂಶವಾಹಿಯ ಮಾತು ನಿಜಕ್ಕೂ ಬರುವುದು ಇಲ್ಲಿ: ಪೂರ್ವ ಏಷ್ಯಾದ ಅನೇಕರಿಗೆ ಈ ಗುಳಿಗೆ, ಅಂದರೆ ವಾರ್ಫರಿನ್, ಕಡಿಮೆ ಸಾಕು. ಆದರೆ ನಿಮ್ಮ ಪ್ರಮಾಣ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ ನಿಮ್ಮ ಐಎನ್‌ಆರ್ ಪರೀಕ್ಷೆಯಿಂದಲೇ ತಿಳಿಯಬೇಕು. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಜಾಗದಲ್ಲಿ ಲೋಹದ ಕವಾಟವಿದ್ದರೆ ಈ ಅಂಕಿ ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಇರಬೇಕು. ಒಂದು ವಾರ ಬುಟ್ಟಿಗಟ್ಟಲೆ ತಪ್ಪಲು ಪಲ್ಯ, ಮುಂದಿನ ವಾರ ಏನೂ ಇಲ್ಲವೆಂದರೆ ಅಂಕಿ ಕುಣಿಯುತ್ತದೆ, ಸೊಪ್ಪು ಗುಳಿಗೆಯ ಶಕ್ತಿ ತಗ್ಗಿಸುತ್ತದೆ.

ಅಳಿಯ ಅಂಕಿ ಹುಡುಕುತ್ತಿದ್ದಾಗ ಆಕೆ ಕೇಳಿದ್ದು ಒಂದೇ: ಶ್ರಾವಣ ಸೋಮವಾರ ಗುಳಿಗೆ ಬಿಡಬಹುದೇ? ‘ಉಪವಾಸ ಮಾಡು ತಂಗಿ, ಗುಳಿಗೆ ಮಾತ್ರ ಬಿಡಬೇಡ’ ಎಂದೆ. ‘ಇನ್ನೊಂದು ಮಗು ಬೇಕೆನಿಸಿದರೆ ಬಸುರಿಯಾಗುವ ಮೊದಲೇ ಬಂದು ಹೇಳು. ಆಗ ಗುಳಿಗೆಯನ್ನೇ ಬದಲಿಸಬೇಕಾಗಬಹುದು.’