ಹೊಸ ಮ್ಯಾನೇಜರಿಗೆ ಎಷ್ಟು ಖಾಲಿ ಬುಧವಾರ ಸಿಕ್ಕಿವೆ?

ಯಾವುದೋ ದೊಡ್ಡ ಫುಟ್‌ಬಾಲ್ ಕ್ಲಬ್ ಮ್ಯಾನೇಜರನ್ನು (ಅಂದರೆ ಮುಖ್ಯ ಕೋಚನ್ನು) ಬದಲಾಯಿಸಿದರೆ ಸಾಕು, ಗ್ರೌಂಡಿನ ಬೇಲಿ ಪಕ್ಕ ಮಕ್ಕಳಿಗೆ ಕಾಯುತ್ತಾ ನಿಂತ ಅಪ್ಪಂದಿರಿಗೆ ಮಾತಾಡಲು ವಿಷಯ ಸಿಗುತ್ತದೆ. ಮೊದಲ ತಿಂಗಳು 'ಯಾರನ್ನ ಕೊಂಡ್ಕೊಳ್ತಾರೆ ಕೋಚ್?' ಅಂತ ಕೋಚ್ ಆದ ನನ್ನನ್ನು ಕೇಳುತ್ತಾರೆ. ಮೂರನೇ ತಿಂಗಳಿಗೆ ಪ್ರಶ್ನೆ ಬದಲಾಗುತ್ತದೆ. 'ಮೂರು ತಿಂಗಳಾಯ್ತು, ಇನ್ನೂ ಅದೇ ಗೋಳು. ಪ್ರಾಕ್ಟೀಸಲ್ಲಿ ಏನು ಮಾಡ್ತಾರೆ ಇವರು?'

ನನ್ನ ಉತ್ತರ ಯಾವಾಗಲೂ ಒಂದೇ. ಪ್ರಾಕ್ಟೀಸೇ ಇಲ್ಲ ಸ್ವಾಮಿ. ಇದನ್ನು ಯಾರೂ ನಂಬುವುದಿಲ್ಲ. ವಾರಕ್ಕೆ ಕೋಟಿಗಟ್ಟಲೆ ಸಂಬಳ ತಗೊಳ್ಳುವವರು ಪ್ರಾಕ್ಟೀಸ್ ಮಾಡುವುದಿಲ್ಲ ಅಂದರೆ ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಹಾಗಾಗಿ ಒಂದು ಸಲ ಸರಿಯಾಗಿ ಬರೆದೇ ಬಿಡೋಣ ಅನ್ನಿಸಿತು.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಉದಾಹರಣೆ ತೆಗೆದುಕೊಳ್ಳಿ. ರೂಬೆನ್ ಅಮೊರಿಮ್ 2024ರ ನವೆಂಬರಿನಲ್ಲಿ, ಸೀಸನ್ ನಡುವೆ ಮ್ಯಾನೇಜರ್ ಆಗಿ ಬಂದರು. ಸೀಸನ್ ಮುಗಿದ ಮೇಲೆ ಬರುವುದೇ ಅವರ ಇಷ್ಟವಾಗಿತ್ತು. ಕ್ಲಬ್ ಒಪ್ಪಲಿಲ್ಲ, ಈಗಲೇ ಬನ್ನಿ ಅಂದಿತು. ಆ ಡಿಸೆಂಬರಿನಲ್ಲಿ ಯುನೈಟೆಡ್ ಆಡಿದ್ದು 9 ಮ್ಯಾಚ್. ಒಂದನೇ ತಾರೀಕು ಎವರ್ಟನ್, ನಾಲ್ಕಕ್ಕೆ ಆರ್ಸೆನಲ್, ಏಳಕ್ಕೆ ನಾಟಿಂಗ್‌ಹ್ಯಾಮ್ ಫಾರೆಸ್ಟ್, ಹನ್ನೆರಡಕ್ಕೆ ಚೆಕ್ ದೇಶದಲ್ಲಿ ಪ್ಲ್ಜೆನ್, ಹದಿನೈದಕ್ಕೆ ಮ್ಯಾಂಚೆಸ್ಟರ್ ಸಿಟಿ, ಹೀಗೇ ಮೂವತ್ತರವರೆಗೆ. ಆರು ಸೋತರು. ಜನ ಲೆಕ್ಕ ಹಾಕಿದ್ದು ಸೋಲುಗಳನ್ನು. ನಾನು ಎಣಿಸಿದ್ದು ಮ್ಯಾಚುಗಳ ನಡುವಿನ ದಿನಗಳನ್ನು.

ಆ ದಿನಗಳಲ್ಲಿ ಏನಾಗುತ್ತದೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಲ್ಲರೂ ಎಡವುವುದು ಇಲ್ಲೇ.

ಭಾನುವಾರ ಮ್ಯಾಚ್ ಅಂತಿಟ್ಟುಕೊಳ್ಳಿ, ಮುಂದಿನದು ಗುರುವಾರ ಬೇರೆ ದೇಶದಲ್ಲಿ. ಸೋಮವಾರ ಆಡಿದವರಿಗೆ ಸೈಕಲ್, ಈಜುಕೊಳ, ಮಸಾಜ್. ಚೆಂಡು ಮುಟ್ಟಿದರೂ ಆಟಕ್ಕಷ್ಟೇ. ಬೆಂಚಿನಲ್ಲಿ ಕೂತಿದ್ದವರು ಮಾತ್ರ ಬೆವರು ಸುರಿಸುತ್ತಾರೆ. ಮಂಗಳವಾರವೂ ಕಾಲು ಭಾರ. ಸ್ನಾಯು ನೋವು ಹೆಚ್ಚಾಗಿ ಜೋರಾಗುವುದು ಎರಡನೇ ದಿನವೇ. ಬುಧವಾರ ಒಂದಿಷ್ಟು ಹಗುರ ಓಟ, ನಾಲ್ಕು ಕಾರ್ನರ್, ಆಮೇಲೆ ವಿಮಾನ. ಗುರುವಾರ ರಾತ್ರಿ ಮ್ಯಾಚ್. ಶುಕ್ರವಾರ ಬೆಳಗಿನ ಜಾವ ಮನೆ ಸೇರಿ ಮತ್ತೆ ಸೈಕಲ್, ಮತ್ತೆ ಮಸಾಜ್. ಶನಿವಾರ ಅಂದರೆ ಮ್ಯಾಚಿನ ಹಿಂದಿನ ದಿನ, ಜಾಸ್ತಿ ಓಡಿಸುವಂತಿಲ್ಲ. ಭಾನುವಾರ ಮತ್ತೆ ಮ್ಯಾಚ್. ಆ ಇಡೀ ವಾರದಲ್ಲಿ ಹನ್ನೊಂದು ಜನ ಒಟ್ಟಿಗೆ, ಪೂರ್ತಿ ವೇಗದಲ್ಲಿ, ಪೂರ್ತಿ ಮೈದಾನದಲ್ಲಿ ಕಲಿತ ಸೆಷನ್ ಎಷ್ಟು? ಒಂದೂ ಇಲ್ಲ.

ಈಗ ಶನಿವಾರದಿಂದ ಶನಿವಾರಕ್ಕೆ ಆಡುವ ತಂಡ ನೋಡಿ. ಭಾನುವಾರ, ಸೋಮವಾರ ಸುಧಾರಿಸಿಕೊಳ್ಳಲು. ಮಂಗಳವಾರ, ಬುಧವಾರ ನಿಜವಾದ ಕೆಲಸ. ಗುರುವಾರ ಸ್ವಲ್ಪ ಕಡಿಮೆ, ಶುಕ್ರವಾರ ಹಗುರ. ಕ್ಲಬ್ಬಿನಿಂದ ಕ್ಲಬ್ಬಿಗೆ ಒಂದೆರಡು ದಿನ ಆಚೀಚೆ ಆಗಬಹುದು, ಆದರೆ ಎರಡು ಒಳ್ಳೆಯ ಸೆಷನ್ ಎಲ್ಲೂ ಹೋಗುವುದಿಲ್ಲ.

'ವಿಡಿಯೋ ತೋರಿಸಬಹುದಲ್ವಾ?' ಅಂತ ಕೇಳುವವರಿದ್ದಾರೆ. ತೋರಿಸುತ್ತಾರೆ, ದಿನಾ ತೋರಿಸುತ್ತಾರೆ. ಆದರೆ ಮೂರು ಡಿಫೆಂಡರ್ ಇಟ್ಟು ಆಡುವ ಪದ್ಧತಿಯಲ್ಲಿ ಎದುರಾಳಿಯ ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್) ತನ್ನ ಫುಲ್ ಬ್ಯಾಕಿಗೆ (ಅಂಚಿನ ಡಿಫೆಂಡರಿಗೆ) ಚೆಂಡು ಕೊಟ್ಟ ಗಳಿಗೆಯನ್ನು ನೋಡಿ. ಚೆಂಡು ಹೊರಟ ತಕ್ಷಣ ನಮ್ಮ ವಿಂಗ್ ಬ್ಯಾಕ್ (ಅಂಚಿನಲ್ಲಿ ಹಿಂದೆ ಮುಂದೆ ಓಡುವವನು) ಮುಂದೆ ನುಗ್ಗಬೇಕು. ಅವನ ಬೆನ್ನ ಹಿಂದೆ ಖಾಲಿಯಾದ ಜಾಗಕ್ಕೆ ಮೂವರಲ್ಲಿ ಹೊರಗಿನವನು ಜಾರಬೇಕು. ಉಳಿದಿಬ್ಬರು ಅದೇ ಕಡೆಗೆ ಸರಿಯಬೇಕು. ಆಚೆ ಬದಿಯ ವಿಂಗ್ ಬ್ಯಾಕ್ ಒಳಗೆ ಬರಬೇಕು. ಮಿಡ್‌ಫೀಲ್ಡಿನಲ್ಲಿ ಒಬ್ಬ ಒಳಗಿನ ಪಾಸನ್ನು ಮುಚ್ಚಬೇಕು. ಇಷ್ಟೂ ಒಂದೇ ಉಸಿರಿನಲ್ಲಿ. ಒಬ್ಬ ಅರ್ಧ ಸೆಕೆಂಡ್ ಯೋಚಿಸಿದರೂ ಒಂದೇ ಪಾಸಿಗೆ ಐದು ಜನ ಕೆಲಸಕ್ಕೆ ಬಾರದವರಾಗುತ್ತಾರೆ. ಟಿವಿಯಲ್ಲಿ ನಮಗೆ ಕಾಣುವುದು ಕೊನೆಯ ಡಿಫೆಂಡರ್ ಒದ್ದಾಡುವುದು. 'ಇವನನ್ನ ಮೊದಲು ಮಾರ್ಬೇಕು' ಅಂತೀವಿ.

ಇದು ಗೊತ್ತಿರುವುದು ಬೇರೆ, ಕಾಲಿಗೆ ಬರುವುದು ಬೇರೆ. ಕಾಲಿಗೆ ಬರಬೇಕಾದರೆ ಎದುರಿಗೂ ಹನ್ನೊಂದು ಜನರನ್ನು ನಿಲ್ಲಿಸಿ ಜೋರಾಗಿ ಆಡಿಸಬೇಕು, ನಿಲ್ಲಿಸಿ ತಿದ್ದಬೇಕು, ಮತ್ತೆ ಆಡಿಸಬೇಕು. ತೊಂದರೆ ಏನೆಂದರೆ ಕಲಿಸುವ ಸೆಷನ್ನೇ ದಣಿಸುವ ಸೆಷನ್. ಮೂರು ದಿನಕ್ಕೊಂದು ಮ್ಯಾಚ್ ಇರುವಾಗ ಅದನ್ನು ಮಾಡಿಸಿದರೆ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಂಡು ಇಬ್ಬರು ಕೂತುಬಿಡುತ್ತಾರೆ. ಯಾವ ಕೋಚಿಗೂ ಆ ಧೈರ್ಯ ಬರುವುದಿಲ್ಲ.

ಈ ಲೆಕ್ಕ ಹಿಡಿದು ಹಳೆಯ ಸೀಸನ್‌ಗಳನ್ನು ನೋಡಿದರೆ ಮಜಾ ಇರುತ್ತದೆ. ಬಿದ್ದ ಕ್ಲಬ್ಬನ್ನು ಎತ್ತುವ ಮಾಂತ್ರಿಕ ಅಂತ ಇಟಲಿಯ ಮ್ಯಾನೇಜರ್ ಆಂಟೋನಿಯೊ ಕಾಂಟೆಗೆ ಹೆಸರು. ಎರಡು ವರ್ಷ ಸತತ ಏಳನೇ ಸ್ಥಾನದಲ್ಲಿದ್ದ ಯುವೆಂಟಸನ್ನು 2011-12ರಲ್ಲಿ ಒಂದೂ ಲೀಗ್ ಮ್ಯಾಚ್ ಸೋಲದೆ ಚಾಂಪಿಯನ್ ಮಾಡಿದರು. ಹತ್ತನೇ ಸ್ಥಾನದ ಚೆಲ್ಸಿಯನ್ನು 2016-17ರಲ್ಲಿ. ಹತ್ತನೇ ಸ್ಥಾನದ ನಾಪೊಲಿಯನ್ನು 2024-25ರಲ್ಲಿ. ಈ ಮೂರೂ ಸೀಸನ್‌ಗಳಲ್ಲಿ ಆ ತಂಡಗಳಿಗೆ ವಾರದ ನಡುವೆ ಆಡಬೇಕಾದ ಯುರೋಪಿನ ಟೂರ್ನಿ ಇರಲಿಲ್ಲ! ಕಾಂಟೆ ನಡೆಸುತ್ತಿದ್ದ ಇಂಟರ್ 2020-21ರಲ್ಲಿ ಇಟಲಿಯ ಲೀಗ್ ಗೆದ್ದಾಗಲೂ ಡಿಸೆಂಬರಿನಲ್ಲೇ ಚಾಂಪಿಯನ್ಸ್ ಲೀಗ್ (ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿ) ಗುಂಪಿನ ಕೊನೆಯಲ್ಲಿ ನಿಂತು ಹೊರಬಿದ್ದಿತ್ತು. ಚೆಲ್ಸಿಯಲ್ಲಿ ಆರ್ಸೆನಲ್ ಎದುರು 0-3 ಸೋತ ಮೇಲೆ ಕಾಂಟೆ ಮೂವರು ಡಿಫೆಂಡರ್‌ಗಳ ಆಟಕ್ಕೆ ಬದಲಾದರು, ಆಮೇಲೆ ಲೀಗಿನಲ್ಲಿ ಸತತ 13 ಗೆಲುವು. ಎಲ್ಲರೂ ಆ ಬದಲಾವಣೆಯ ಬಗ್ಗೆ ಬರೆದರು. ಅದನ್ನು ಕಲಿಸಲು ಅವರಿಗೆ ಖಾಲಿ ಬುಧವಾರಗಳಿದ್ದವು ಅಂತ ಬರೆದವರು ಕಡಿಮೆ. ಮುಂದಿನ ವರ್ಷ ಚಾಂಪಿಯನ್ಸ್ ಲೀಗ್ ಬಂತು, ಚೆಲ್ಸಿ ಐದನೇ ಸ್ಥಾನಕ್ಕೆ ಇಳಿಯಿತು, ಕಾಂಟೆ ಕೆಲಸ ಹೋಯಿತು.

ಜರ್ಮನಿಯ ಮ್ಯಾನೇಜರ್ ಕ್ಲಾಪ್ ಲಿವರ್‌ಪೂಲಿಗೆ 2015ರ ಅಕ್ಟೋಬರಿನಲ್ಲಿ ಬಂದಾಗ ಆ ಸೀಸನ್ನಿನಲ್ಲಿ ತಂಡ ಒಟ್ಟು 63 ಮ್ಯಾಚ್ ಆಡಿತು, ಲೀಗಿನಲ್ಲಿ ಎಂಟನೆಯದಾಯಿತು. ಬಾಸೆಲಿನಲ್ಲಿ ಯುರೋಪಾ ಲೀಗ್ (ಯುರೋಪಿನ ಎರಡನೇ ಟೂರ್ನಿ) ಫೈನಲ್ ಸೋತದ್ದರಿಂದ ಮುಂದಿನ ವರ್ಷ ಯುರೋಪ್ ಇಲ್ಲ. ಆ ವರ್ಷ ನಾಲ್ಕನೇ ಸ್ಥಾನ. ಆರ್ಟೆಟಾ ಆರ್ಸೆನಲಿನಲ್ಲಿ ಎರಡು ಸಲ ಎಂಟನೆಯವರಾದರು. ಯುರೋಪ್ ಇಲ್ಲದ 2021-22ರಲ್ಲಿ ಮೊದಲ ಮೂರು ಮ್ಯಾಚ್ ಸೋತು, ಒಂದೂ ಗೋಲ್ ಇಲ್ಲದೆ ಪಟ್ಟಿಯ ತಳದಲ್ಲಿದ್ದರು. ನಮ್ಮ ಬೇಲಿ ಪಕ್ಕದ ಪಂಚಾಯ್ತಿಯಲ್ಲಿ ಆಗಲೇ ಅವರನ್ನು ಮನೆಗೆ ಕಳಿಸಿಯಾಗಿತ್ತು. ಸೀಸನ್ ಮುಗಿದಾಗ ಐದನೇ ಸ್ಥಾನ, ಮರುವರ್ಷ ಎರಡನೇ ಸ್ಥಾನ. ಅಷ್ಟೇಕೆ, ಇದೇ ಅಮೊರಿಮ್ ಸ್ಪೋರ್ಟಿಂಗ್ ಕ್ಲಬ್ಬಿಗೆ 19 ವರ್ಷಗಳ ನಂತರ ಪೋರ್ಚುಗಲ್ ಲೀಗ್ ಗೆದ್ದುಕೊಟ್ಟ 2020-21ರಲ್ಲಿ ಆ ತಂಡ ಆಸ್ಟ್ರಿಯಾದ ಲಾಸ್ಕ್ ಎದುರು 1-4 ಸೋತು ಅಕ್ಟೋಬರ್ ಮೊದಲ ದಿನವೇ ಯುರೋಪಿನಿಂದ ಹೊರಗೆ. ಅವತ್ತು ಲಿಸ್ಬನ್ನಿನಲ್ಲಿ ಯಾರಿಗೂ ಅದು ಅದೃಷ್ಟ ಅನ್ನಿಸಿರಲಾರದು.

ಹಾಗಂತ ಇದನ್ನು ಸೂತ್ರ ಮಾಡಿಕೊಂಡು ನನ್ನ ಹತ್ತಿರ ವಾದಕ್ಕೆ ಬರಬೇಡಿ. ಖಾಲಿ ವಾರ ಸಿಕ್ಕವರೆಲ್ಲ ಗೆಲ್ಲುವುದಿಲ್ಲ. ಬಿಲ್ಬಾವೊದಲ್ಲಿ ಟಾಟನ್‌ಹ್ಯಾಮ್ ಎದುರು ಯುರೋಪಾ ಲೀಗ್ ಫೈನಲ್ ಸೋತು, ಲೀಗಿನಲ್ಲಿ 42 ಪಾಯಿಂಟ್ ಜೊತೆ 15ನೇ ಸ್ಥಾನಕ್ಕೆ ಬಿದ್ದ ಯುನೈಟೆಡ್‌ಗೆ 2025-26ರಲ್ಲಿ ಯುರೋಪ್ ಇರಲಿಲ್ಲ. ಲೀಗ್ ಕಪ್ಪಿನಲ್ಲೂ ನಾಲ್ಕನೇ ದರ್ಜೆಯ ಗ್ರಿಮ್ಸ್‌ಬಿ ಎದುರು ಪೆನಾಲ್ಟಿಯಲ್ಲಿ ಸೋತು ಆಗಸ್ಟಿನಲ್ಲೇ ಹೊರಗೆ. ಬೇಕಾದಷ್ಟು ಬುಧವಾರ ಸಿಕ್ಕವು. ಆದರೂ 2026ರ ಜನವರಿಯಲ್ಲಿ ಅಮೊರಿಮ್ ಹೋಗಬೇಕಾಯಿತು. ಕಾರಣಗಳು ಹಲವು, ಅದರಲ್ಲಿ ಕ್ಲಬ್ಬಿನ ಮೇಲಿನವರ ಜೊತೆಗಿನ ಜಗಳವೂ ಒಂದು. ಕಲಿಸಲು ದಿನ ಇದ್ದರೆ ಕಲಿಸಬಹುದು, ಅಷ್ಟೇ ನಾನು ಹೇಳುವುದು.

ಮೊದಲು ಒದ್ದಾಡಿ ಆಮೇಲೆ ಯುನೈಟೆಡ್ಡಿಗೆ ಎಲ್ಲ ಗೆದ್ದುಕೊಟ್ಟ ಹಳೆಯ ಮ್ಯಾನೇಜರ್ ಫರ್ಗುಸನ್ ಹೆಸರು ಎತ್ತುವವರಿಗೂ ಒಂದು ಮಾತು. 1985ರಿಂದ 1990ರವರೆಗೆ ಇಂಗ್ಲಿಷ್ ಕ್ಲಬ್ಬುಗಳಿಗೆ ಯುರೋಪಿನಲ್ಲಿ ನಿಷೇಧ ಇತ್ತು. 1986ರ ನವೆಂಬರಿನಲ್ಲಿ ಬಂದ ಫರ್ಗುಸನ್‌ಗೆ ಮೊದಲ ವರ್ಷಗಳಲ್ಲಿ ಯುರೋಪಿನ ಕಾಟವೇ ಇರಲಿಲ್ಲ. ಹಾಗಿದ್ದೂ 1990ರಲ್ಲಿ 13ನೇ ಸ್ಥಾನ. ನೋಡಿ, ನನ್ನ ವಾದಕ್ಕೆ ಅವರೂ ಅಡ್ಡ ಬರುತ್ತಾರೆ.

ನಮ್ಮ ಬೆಂಗಳೂರಿನ ಲೀಗುಗಳಲ್ಲಿ ಈ ಕಷ್ಟದ ಇನ್ನೊಂದು ಮುಖ ಇದೆ. ಇಲ್ಲಿ ಮ್ಯಾಚ್ ಜಾಸ್ತಿ ಅಲ್ಲ, ಹುಡುಗರು ಸಿಗುವುದೇ ಕಡಿಮೆ. ಒಂದು ತಂಡದ ಯಜಮಾನರು ಲೀಗ್ ನಡುವೆ ನನ್ನನ್ನು ಕರೆದರು. ತುಂಬಾ ಒಳ್ಳೆಯ ಮನುಷ್ಯ. ಹುಡುಗರಿಗೆ ತಾವೇ ಸ್ಕೂಟರಿನಲ್ಲಿ ಬಾಳೆಹಣ್ಣು, ಬೇಯಿಸಿದ ಮೊಟ್ಟೆ ತರುವವರು. ತಂಡದಲ್ಲಿ ಒಬ್ಬನಿಗೆ ಗೋಡೌನಿನಲ್ಲಿ ನೈಟ್ ಶಿಫ್ಟ್, ಇಬ್ಬರಿಗೆ ಪಿಯು ಪರೀಕ್ಷೆ, ಇನ್ನೊಬ್ಬ ಊಟ ಡೆಲಿವರಿ ಮಾಡುವವನು, ರಾತ್ರಿ ಎಂಟರ ಮೇಲೆ ಅವನ ಫೋನ್ ನಿಲ್ಲುವುದೇ ಇಲ್ಲ. ಎಲ್ಲರೂ ಒಟ್ಟಿಗೆ ಗ್ರೌಂಡಿಗೆ ಬಂದ ದಿನ ಅಪರೂಪ. ಯಜಮಾನರಿಗೆ ಇದನ್ನು ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, ಮುಂದಿನ ವಾರ ಹೊರರಾಜ್ಯದಿಂದ ಒಬ್ಬ ಡಿಫೆಂಡರನ್ನು ಕರೆತಂದರು. ಒಳ್ಳೆಯ ಆಟಗಾರ, ಸುಳ್ಳು ಹೇಳಬಾರದು. ಆದರೆ ಅವನು ಆಫ್‌ಸೈಡ್‌ಗೆ ಅಂತ (ಎದುರಾಳಿ ಡಿಫೆಂಡರುಗಳ ಸಾಲಿನಾಚೆ ಸಿಕ್ಕಿಬೀಳಲಿ ಅಂತ) ಮುಂದೆ ಹೆಜ್ಜೆ ಇಟ್ಟಾಗ ಉಳಿದ ಮೂವರು ಹಿಂದೆಯೇ ಇರುತ್ತಿದ್ದರು. ಅವನು ಕೈ ಎತ್ತಿ ನಿಂತಿರುವಾಗಲೇ ಗೋಲ್. ಯಜಮಾನರು ನನ್ನ ಕಡೆ ತಿರುಗಿ, 'ಇವನೂ ಆಗ್ಲಿಲ್ವಲ್ಲ ಸಾರ್, ಇನ್ನೊಬ್ಬನ್ನ ನೋಡೋಣ್ವಾ?' ಅಂದರು. ಏನು ಹೇಳಲಿ?

ಬೆಂಗಳೂರು ಎಫ್‌ಸಿಯಲ್ಲೂ ಇದನ್ನು ಹತ್ತಿರದಿಂದ ನೋಡಬಹುದಿತ್ತು. ಜೆರಾರ್ಡ್ ಸರಗೋಸ 2023ರ ಡಿಸೆಂಬರಿನಲ್ಲಿ ಸೀಸನ್ ನಡುವೆ ಬಂದರು, ತಂಡ ಐಎಸ್ಎಲ್ ಅಂದರೆ ಇಂಡಿಯನ್ ಸೂಪರ್ ಲೀಗಿನಲ್ಲಿ 10ನೇ ಸ್ಥಾನದಲ್ಲಿ ಮುಗಿಸಿತು. ಸೀಸನ್‌ಗೆ ಮೊದಲಿನ ತಯಾರಿಯೂ ಅವರ ಕೈಯಲ್ಲೇ ಇದ್ದ ಮರುವರ್ಷ ಫೈನಲ್. ಆಟಗಾರರೂ ಬದಲಾಗಿದ್ದರು, ಪೂರ್ತಿ ಶ್ರೇಯಸ್ಸನ್ನು ಕ್ಯಾಲೆಂಡರಿಗೆ ಕೊಡಲು ಆಗದು.

ಇಷ್ಟು ಹೇಳಿದ ಮೇಲೆ ಓದಿಕೊಂಡ ಹುಡುಗನೊಬ್ಬ ಜರ್ಮನಿಯ ಮ್ಯಾನೇಜರ್ ಟುಖೆಲ್ ಹೆಸರು ಹೇಳುತ್ತಾನೆ. ಸರಿಯಾದ ಪ್ರಶ್ನೆ. 2021ರ ಜನವರಿ ಕೊನೆಯಲ್ಲಿ ಚೆಲ್ಸಿಗೆ ಬಂದು, ಮರುದಿನವೇ ಮೊದಲ ಮ್ಯಾಚ್ ಆಡಿಸಿ, ವಾರಕ್ಕೆರಡು ಮ್ಯಾಚ್ ನಡುವೆಯೇ ಮೂವರು ಡಿಫೆಂಡರ್‌ಗಳ ಆಟಕ್ಕೆ ಬದಲಾಗಿ, ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದರು. ಹೇಗೆ? ನನ್ನ ಅಂದಾಜು ಇಷ್ಟು. ಆಸ್ಪಿಲಿಕ್ವೆಟಾ, ಅಲೊನ್ಸೊ, ಕಾಂಟೆ ಎಂಬ ಮಿಡ್‌ಫೀಲ್ಡರ್ (ಮ್ಯಾನೇಜರ್ ಬೇರೆ, ಇವರು ಬೇರೆ) ಆ ಆಟವನ್ನು 2016-17ರಲ್ಲೇ ಕಲಿತು ಲೀಗ್ ಗೆದ್ದವರು. ಟುಖೆಲ್ ಹೊಸದಾಗಿ ಕಲಿಸುವುದು ಅಷ್ಟೊಂದು ಉಳಿದಿರಲಿಲ್ಲ, ಕಾಲಿಗೆ ಗೊತ್ತಿದ್ದುದನ್ನು ನೆನಪಿಸಿದರು.

ಸೀಸನ್ ನಡುವೆ ಬರುವ ಮ್ಯಾನೇಜರ್ ಯಾರಾದರೂ ನನ್ನನ್ನು ಕೇಳಿದರೆ (ಕೇಳುವುದಿಲ್ಲ ಬಿಡಿ) ನಾನು ಹೇಳುವುದೂ ಅದನ್ನೇ. ತಂಡಕ್ಕೆ ಆಗಲೇ ಏನು ಬರುತ್ತದೋ ಅದನ್ನು ಸೀಸನ್ ಮುಗಿಯುವವರೆಗೆ ಆಡಿಸಿ. ಕಾರ್ನರ್, ಫ್ರೀ ಕಿಕ್ ಮೇಲೆ ಕೆಲಸ ಮಾಡಿ. ಅವಕ್ಕೆ ಓಟ ಕಡಿಮೆ, ಹಾಗಾಗಿ ಮ್ಯಾಚಿನ ಹಿಂದಿನ ದಿನವೂ ಕಲಿಸಬಹುದು, ಒಂದೆರಡು ಗೋಲ್ ಅಲ್ಲಿಂದಲೇ ಬರುತ್ತವೆ. ಮತ್ತೆ ಸಹಿ ಹಾಕುವ ಮೊದಲು ಪ್ರವಾಸದ ಪಟ್ಟಿ ಕೇಳಿ. 15ನೇ ಸ್ಥಾನದಲ್ಲಿ ಸೀಸನ್ ಮುಗಿಸಿದ ಮೂರೇ ದಿನಕ್ಕೆ ಯುನೈಟೆಡ್ ಕೌಲಾಲಂಪುರದಲ್ಲಿ ಪ್ರದರ್ಶನ ಪಂದ್ಯ ಆಡುತ್ತಿತ್ತು, ಅದನ್ನೂ ಸೋತಿತು. ಅದಾಗಿ ಎರಡೇ ದಿನಕ್ಕೆ ಹಾಂಕಾಂಗಿನಲ್ಲಿ ಇನ್ನೊಂದು ಮ್ಯಾಚ್ ಇತ್ತು.